ರಾಶಿಯ ಮೊದಲ ಮಾತು

“ನಿಮ್ಮಪ್ಪ ಸಂಪಾದ್ಸಿಟ್ಟು ಹೋದ ಮಾತೇನ್ಲಾ ಅದು, ಬೋಳಿಮಗನೆ? ಯಾರನ್ನ ಕೇಳಿ ಇಕ್ಕಿದ್ಲು ನಿನ್ನ ಮಗಳು ಆ ಹೆಸ್ರ?”

ಸದಾಶಿವಯ್ಯನವರು ಜಗಲಿ ಮೇಲೆ ಕೂತು ಕೇಳಿದರು. ಅಂಗಳದಲ್ಲಿ, ನೆಲಕ್ಕೆ ನೆಟ್ಟ ತನ್ನ ಹಾರೆಗೆ ತೆಂಗಿನಕಾಯಿ ಒತ್ತಿ ತಿರುವುತ್ತಿದ್ದ ಲಕ್ಕಯ್ಯ ಹಾಗೇ ನಿಂತ. ಕಾಯಿಯ ಸಿಪ್ಪೆ ಅರ್ಧ ಬಿಟ್ಟಿತ್ತು, ಅರ್ಧ ಕಚ್ಚಿಕೊಂಡಿತ್ತು.

“ಯಾವ ಹೆಸ್ರು ಬುದ್ಧಿ?”

“ಲಾಭ ಕಣ್ಲಾ, ಲಾಭ. ಕಂಪ್ಯೂಟ್ರಲ್ಲಿ ಅದೇನೋ ಆಟ ಮಾಡವ್ಳಂತಲ್ಲ, ಅದ್ಕೆ. ಆಟಕ್ಕೆ ಆ ಹೆಸ್ರು ಇಕ್ಕೋ ಹಕ್ಕು ನನ್ನ ಮಗಂದು. ಮದ್ರಾಸಿನ ಆಫೀಸಲ್ಲಿ ಬರ್ಸಿ ಮೊಹರು ಹಾಕ್ಸವ್ನೆ. ಕಿಬ್ಬನಳ್ಳಿಗೋಗು, ಗಂಗಾಧರ ಅಲ್ಲೇ ಅವ್ನೆ, ಯೋಳ್ತಾನೆ.”

ಲಕ್ಕಯ್ಯನ ತಲೆಗೆ ಹೋಗಲಿಲ್ಲ. ಆ ಸೀಮೆಯಲ್ಲಿ ರಾಶಿ ಎಣಿಸುವಾಗ ಯಾರೂ ‘ಒಂದು’ ಅನ್ನುವುದಿಲ್ಲ. ಮೊದಲ ಜೊತೆ ಕಾಯಿ ಎತ್ತಿ ಹಾಕುವಾಗ ‘ಲಾಭ’ ಅನ್ನಬೇಕು. ಆಮೇಲೆ ಎರಡು, ಮೂರು. ಒಂದು ಅಂದರೆ ರಾಶಿ ಒಂದಕ್ಕೇ ನಿಂತುಬಿಡುತ್ತದೆ ಅಂತ ಭಯ. ಇದೇ ಅಂಗಳದಲ್ಲಿ ಲಕ್ಕಯ್ಯನ ತಾತ ಆ ಮಾತು ಅಂದಿದ್ದ, ಅಪ್ಪ ಅಂದಿದ್ದ. ಎಣಿಸಿದವರ ಗುಡಿಸಲಿಗೆ ಅದು ಒಂದು ದಿನವೂ ಬಂದು ಹೋಗಲಿಲ್ಲ ಅನ್ನುವುದು ಬೇರೆ ಮಾತು.

ಮಗಳು ಜ್ಯೋತಿಲಕ್ಷ್ಮಿ ಕಿಬ್ಬನಹಳ್ಳಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದಳು. ಅಲ್ಲೇ ಕೂತು ಕೂತು ಒಂದು ಆಟ ಮಾಡಿದ್ದಳು. ಪರದೆ ಮೇಲೆ ತಲೆಗೆ ಟವಲು ಸುತ್ತಿದ ಆಳು, ಪಕ್ಕದಲ್ಲಿ ಕಾಯಿರಾಶಿ, ಎದುರಿಗೆ ಲಾರಿ. ಗುಂಡಿ ಒತ್ತಿದರೆ ಆಳು ಜೊತೆ ಕಾಯಿ ಎಸೆಯುತ್ತಾನೆ. ಲೆಕ್ಕ ತಪ್ಪಿದರೆ ಸಾಹುಕಾರ ಬೆತ್ತ ಹಿಡಿದು ಬರುತ್ತಾನೆ, ಆಟ ಮುಗಿಯುತ್ತದೆ. ಎಣಿಸುವ ದನಿ ಲಕ್ಕಯ್ಯನದೇ. ಒಂದು ಭಾನುವಾರ ಅವನನ್ನು ಮೈಕಿನ ಮುಂದೆ ಕೂರಿಸಿ ಕೂಗಿಸಿದ್ದಳು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ವೆಂಕಟಯ್ಯನ ಅಂಗಡಿಯ ಕಂಪ್ಯೂಟರಿನಲ್ಲಿ ಆ ಸೀಡಿ ಹಾಕಿದ ಮೇಲೆ ಹುಡುಗರು ಬೇರೆ ಆಟ ಕೇಳುತ್ತಿರಲಿಲ್ಲ.

ಲಕ್ಕಯ್ಯ ಆ ಅಂಗಡಿಗೆ ಹೋಗುವ ಹೊತ್ತಿಗೆ ‘ಲಾಭ’ ಅಂತ ಬರೆದ ರಟ್ಟಿನ ಬೋರ್ಡು ಚರಂಡಿಯಲ್ಲಿತ್ತು. ಗಂಗಾಧರ್ ಜೇಬಿನಿಂದ ಕರವಸ್ತ್ರ ತೆಗೆದು ಮೌಸನ್ನು ಚೆನ್ನಾಗಿ ಒರೆಸಿ, ಆಮೇಲೆ ಮುಟ್ಟಿದ. ಜ್ಯೋತಿಲಕ್ಷ್ಮಿ ಪಕ್ಕದಲ್ಲೇ ನಿಂತು ಅದನ್ನು ನೋಡಿದಳು.

“ಲಾ...ಭ” ಅಂತು ಕಂಪ್ಯೂಟರು, ಲಕ್ಕಯ್ಯನ ಗಂಟಲಲ್ಲಿ.

“ನಿಂದೇ ದನಿ ಅಲ್ವೇನೋ?” ಅಂದ ಗಂಗಾಧರ್.

“ಹೂಂ ಬುದ್ಧಿ.”

“ಅಳಿಸ್ಬೇಕು.”

“ಅಣ್ಣ, ನೀವು ಮಾಡಿರೋ ಆಟ ತೋರ್ಸಿ” ಅಂದಳು ಜ್ಯೋತಿಲಕ್ಷ್ಮಿ. “ನಂದೂ ಅದೂ ಒಂದೇ ಥರ ಐತಾ ನೋಡಣ.”

“ಆಟ ಇನ್ನೂ ಮಾಡಿಲ್ಲ. ಹೆಸ್ರು ಬರೆಸಿಟ್ಟಿದೀನಿ. ಸೈಟ್ ತಗೊಂಡು ಬೇಲಿ ಹಾಕಲ್ವಾ? ಮನೆ ಯಾವಾಗಾದ್ರೂ ಕಟ್ಕೋತೀವಿ.”

“ಬೇಲಿ ಹಾಕೋಕೆ ಮುಂಚೆ ಅಲ್ಲಿ ಓಡಾಡ್ತಿದ್ದೋರು?”

“ಓಡಾಡ್ತಿದ್ರಿ. ಇನ್ಮೇಲೆ ಓಡಾಡ್ಬೇಡಿ.” ಅವನು ವೆಂಕಟಯ್ಯನ ಕಡೆ ತಿರುಗಿ ನಕ್ಕ. “ಕೇರಿಯೋರ ಕೈಗೆ ಕಂಪ್ಯೂಟ್ರು ಕೊಟ್ರೆ ಹಿಂಗೇ ನೋಡು. ಮೊದ್ಲು ಮುಟ್ತಾರೆ, ಆಮೇಲೆ ನಮ್ದು ಅಂತಾರೆ.”

ವೆಂಕಟಯ್ಯ ಬಿಸ್ಕತ್ತಿನ ಡಬ್ಬಿಗಳನ್ನು ಜೋಡಿಸುತ್ತಿದ್ದ.

ಕೊನೆಗೆ ಗಂಗಾಧರ್ ಹೇಳಿದ್ದು ಇಷ್ಟು. ಹೆಸರು ಕದ್ದೆ, ತಪ್ಪಾಯಿತು ಅಂತ ಜ್ಯೋತಿಲಕ್ಷ್ಮಿ ಬರೆದು ಸಹಿ ಹಾಕಬೇಕು. ಅದನ್ನು ಇದೇ ಅಂಗಡಿ ಬಾಗಿಲಿಗೆ ಅಂಟಿಸುತ್ತಾರೆ. ನಾಳೆ ತೋಟದ ಕಾಯಿ ಲಾರಿ ತುಂಬಿ ಹೊರಡುವುದರೊಳಗೆ ಆಗಬೇಕು. ಆಗದಿದ್ದರೆ ಲಕ್ಕಯ್ಯ ತೋಟದ ಅಂಚಿನ ಗುಡಿಸಲು ಬಿಟ್ಟು ಹೊರಡಲಿ, ಅದು ನಿಂತಿರುವುದು ಅವರ ನೆಲದಲ್ಲಿ.

ಸಂಜೆ ಮುದ್ದೆ ತಿರುವುತ್ತಾ ಹೆಂಡತಿ ನಿಂಗಮ್ಮ ಅಂದಳು, “ಎರಡಕ್ಷರ ಗೀಚಿ ಬಿಸಾಕೇ. ಗುಡ್ಲು ಹೋದ್ರೆ ಎಲ್ಲಿಗೋಗಣ? ನಿನ್ನ ಕಂಪ್ಯೂಟ್ರೊಳಗೆ ಮಲಿಕ್ಕಳಾಣ್ವ?”

“ಬೇರೆ ಹೆಸ್ರು ಇಕ್ತೀನಿ ಬುಡವ್ವ. ಅದೇನು ದೊಡ್ಡದಲ್ಲ. ಕದ್ದೆ ಅಂತ ಮಾತ್ರ ಬರಿಯಲ್ಲ.”

“ಅಪ್ಪಂಗೆ ಯೋಳು.”

ಲಕ್ಕಯ್ಯ ಮೂಲೆಯಲ್ಲಿ ಕೂತಿದ್ದ. ಅವನಿಗೆ ಅವನಪ್ಪ ನೆನಪಾಗಿದ್ದ. ಗಾಳಿಗೆ ಬಿದ್ದ ಒಂದು ಕಾಯಿಯನ್ನು ಬಾಣಂತಿ ಹೆಂಡತಿಗೆ ಅಂತ ಎತ್ತಿಕೊಂಡು ಬಂದಿದ್ದ ಅಷ್ಟೆ. ಈ ಸಾಹುಕಾರರ ಅಪ್ಪ ಅವನನ್ನು ಅದೇ ಮರಕ್ಕೆ ಕಟ್ಟಿಸಿ, ಕದ್ದೆ ಅನ್ನು, ಬಿಡ್ತೀನಿ ಅಂದಿದ್ದರು. ಹೊತ್ತು ನೆತ್ತಿಗೆ ಬಂದ ಮೇಲೆ ಅಂದ. ಬಿಟ್ಟರು.

“ಕದ್ದೆ ಅಂದ ನಮ್ಮಪ್ಪ” ಅಂದ ಲಕ್ಕಯ್ಯ. “ಅಂದ್ ಮ್ಯಾಲೆ ಸಾಯೋಗಂಟ ಕಾಯ್‌ಕಳ್ಳ ಅಂತ್ಲೇ ಕರುದ್ರು. ಹೆಣ ಎತ್ತೋವಾಗ್ಲೂ, ಯಾರ್ಲಾ ಸತ್ತೋನು ಅಂದ್ರೆ, ಕಾಯ್‌ಕಳ್ಳ ಅಂದ್ರು.” ತಟ್ಟೆ ಎಳೆದುಕೊಂಡ. “ಬರೀಬ್ಯಾಡ ಕಣವ್ವ.”

ನಿಂಗಮ್ಮ ತಟ್ಟೆಗೆ ಮುದ್ದೆ ಇಕ್ಕಿದಳು.

ಬೆಳಗ್ಗೆ ಅಂಗಳಕ್ಕೆ ಲಾರಿ ಬಂತು. ವ್ಯಾಪಾರಿ, ಗಂಗಾಧರ್ ಪಕ್ಕದಲ್ಲಿ ನಿಂತರು. ನಿಂಗಮ್ಮನೂ ಸೇರಿ ಆಳುಗಳಿಗೆಲ್ಲ ತೆಂಗಿನ ಚಿಪ್ಪಿನಲ್ಲಿ ಟೀ ಹೊಯ್ದದ್ದಾಯಿತು, ಮೇಲಿನಿಂದ, ತಾಕದ ಹಾಗೆ. ಸದಾಶಿವಯ್ಯನವರು ರಾಶಿಗೆ ಊದುಬತ್ತಿ ಸಿಕ್ಕಿಸಿ ಕೈಮುಗಿದು, ಜಗಲಿಗೆ ಹೋಗಿ ಕೂತರು.

“ಎತ್ಲಾ. ಅನ್ನು.”

ಲಕ್ಕಯ್ಯ ಕೈಗೊಂದರಂತೆ ಎರಡು ಕಾಯಿ ಎತ್ತಿದ. ಬಾಯಿ ಬಿಡಲಿಲ್ಲ.

“ನಾಲ್ಗೆ ಬಿದ್ದೋಯ್ತೇನ್ಲಾ?”

“ಆ ಮಾತು ಚಿಕ್ಕ ಬುದ್ಯೋರ್ದು. ಬೇಲಿ ಹಾಕವ್ರೆ. ನಾನು ಒಳಿಕ್ಕೆ ಬರಂಗಿಲ್ಲ.”

“ಲೇ, ಅದು ಆಟದ ಹೆಸ್ರಿಗೆ ಕಣೋ” ಅಂದ ಗಂಗಾಧರ್. “ಕಾಯಿ ಎಣ್ಸೋಕಲ್ಲ.”

“ನಂಗೆ ಓದು ಬರಕಿಲ್ಲ ಬುದ್ಧಿ. ಯಾವ ಲಾಭ ನಿಮ್ದು, ಯಾವ್ದು ನಮ್ದು ಅಂತ ಗೊತ್ತಾಗಕಿಲ್ಲ. ಅದ್ಕೇ ಯಾವ್ದನ್ನೂ ಮುಟ್ಟಕಿಲ್ಲ. ಬೇಕಾದ್ರೆ ‘ಒಂದು’ ಅಂತ್ಲೇ ಸುರು ಮಾಡ್ತೀನಿ.”

“ಮುಚ್ಚು ಬಾಯಿ, ಸೂಳೆಮಗನೆ.” ಸದಾಶಿವಯ್ಯನವರು ಜಗಲಿಯಿಂದ ಇಳಿದು ಬಂದ ರಭಸಕ್ಕೆ ಚಪ್ಪಲಿ ಹಿಂದೆ ಉಳಿಯಿತು. ಕೆನ್ನೆಗೆ ಬಿದ್ದ ಏಟಿಗೆ ಲಕ್ಕಯ್ಯನ ಕೈಯ ಕಾಯಿ ಎರಡೂ ಜಾರಿ ರಾಶಿಗೆ ವಾಪಸು ಹೋದವು. ಮುಟ್ಟಿದ ಕೈಯನ್ನು ಅವರು ಪಂಚೆಗೆ ಒರೆಸಿಕೊಂಡರು.

“ನಿಂಗೀ, ನೀನು ಎತ್ತು.”

ನಿಂಗಮ್ಮ ಗಂಡನ ಮುಖ ನೋಡಿದಳು. ಚಿಪ್ಪಿನಲ್ಲಿ ಉಳಿದಿದ್ದ ಟೀಯನ್ನು ನೆಲಕ್ಕೆ ಚೆಲ್ಲಿ, ಸಿಪ್ಪೆಯ ಗುಡ್ಡೆ ಮೇಲೆ ಕೂತಳು.

“ನಂಗೂ ಓದು ಬರಕಿಲ್ಲ ಬುದ್ಧಿ.”

ಪಕ್ಕದಲ್ಲಿದ್ದ ಆಳು ಚಿಕ್ಕಣ್ಣ ಕೂತ. ಮಿಕ್ಕ ಆಳುಗಳೂ ಒಬ್ಬೊಬ್ಬರಾಗಿ ಕೂತರು. ವ್ಯಾಪಾರಿ ಗಡಿಯಾರ ನೋಡಿಕೊಂಡು, “ಏನ್ ಸಾವ್ಕಾರ್ರೆ, ಕಾಯಿ ಕೊಡ್ತೀರೋ, ಮುಂದಿನ ತೋಟಕ್ಕೆ ಹೋಗ್ಲೋ?” ಅಂದ.

“ನೀನೇ ಎತ್ತಿ ಹಾಕು” ಅಂದರು ಸದಾಶಿವಯ್ಯ, ಮಗನಿಗೆ.

ಗಂಗಾಧರ್ ಅಂಗಿ ತೋಳು ಮಡಿಸಿದ. ಬಗ್ಗಿ ಎರಡು ಕಾಯಿ ಹಿಡಿದ. ಒಂದು ಜಾರಿತು, ಮತ್ತೆ ಹಿಡಿದ.

“ಲಾಭ” ಅಂದು ಎಸೆದ.

ಖಾಲಿ ಲಾರಿಯ ತಗಡಿನ ಮೇಲೆ ಕಾಯಿ ಎರಡೂ ಗಡಗಡ ಉರುಳಿ, ಮುಂದಿನ ಮೂಲೆಗೆ ಬಡಿದು ನಿಂತವು. ಆ ಸದ್ದು ಅಡಗಿತು. ಆಮೇಲೆ ‘ಎರಡು’ ಅನ್ನಬೇಕಾದವರು ಸಿಪ್ಪೆ ಗುಡ್ಡೆ ಮೇಲೆ ಕೂತಿದ್ದರು. ಊದುಬತ್ತಿಯ ಬೂದಿ ಉದ್ದ ಬೆಳೆದು ಬಾಗಿತು. ಲಕ್ಕಯ್ಯ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ನೆಲಕ್ಕೆ ನೆಟ್ಟ ತನ್ನ ಹಾರೆಯ ಹತ್ತಿರ ಹೋಗಿ, ಎರಡೂ ಕೈಲಿ ಹಿಡಿದು, ಅಲ್ಲಾಡಿಸಿ ಅಲ್ಲಾಡಿಸಿ ಅದನ್ನು ಕೀಳತೊಡಗಿದ.