ನಡುಮನೆಯ ಬಾಗಿಲಿನ ಕಚ್ಚು

"ಬಾಗಿಲು ಬಿಚ್ಚದೇ ಚಟ್ಟ ತಿರುಗಲ್ಲ," ಎಂದು ಗಾರೆಯವನು ಭುಜದ ಭಾರ ಇಳಿಸಿದ. "ಇಷ್ಟು ದೊಡ್ಡ ಮನೆ ಕಟ್ಟಿದ ಪುಣ್ಯಾತ್ಮ, ನಡುಮನೆಗೆ ಇಷ್ಟು ಕಿರಿದಾದ ಬಾಗಿಲು ಯಾಕಿಟ್ನೋ!"

"ನಮ್ಮಜ್ಜ ಹೆಣ ಸಾಗಿಸೋಕೆ ಅಂತ ಕಟ್ಟಿರಲಿಲ್ಲ," ಎಂದಳು ಮನೆಯೊಡತಿ. ಆಕೆಗೆ ಎಪ್ಪತ್ತು ದಾಟಿತ್ತು. ನಿನ್ನೆ ಐದು ಗಂಟೆಗೆ ಚಹಾ ಕೇಳಿದ್ದ ಬಡಗಿ ಐದೂಕಾಲಿಗೆ ಹಿಂದಿನ ಕೋಣೆಯಲ್ಲಿ ಕಿಟಕಿಯ ಚೌಕಟ್ಟಿನ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಿದ್ದರು. ಉಳಿ ಕೈಯಲ್ಲೇ ಇತ್ತು. ಹನ್ನೆರಡು ವರ್ಷದಿಂದ ಅದೇ ಕೋಣೆಯಲ್ಲಿ ಉಂಡು ಮಲಗಿ, ನೂರು ದಾಟಿದ ಈ ಮನೆಯನ್ನು ಮೊದಲಿದ್ದ ಹಾಗೇ ನಿಲ್ಲಿಸುತ್ತಿದ್ದವರು. ಕೂದಲೆಳೆಯಷ್ಟು ತಪ್ಪಿದರೂ ಹಲಗೆ ಬಿಸಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವರು ಅಳತೆ ಮೇಷ್ಟ್ರು.

ಮೇಷ್ಟ್ರ ಮಗಳೂ ಬಡಗಿಯೇ. ಅವಳು ಬಾಗಿಲಿಗೆ ಅಡ್ಡ ನಿಂತಳು. "ಬಾಗಿಲು ಬೇಡ. ಹಿಂದಿನ ಗೋಡೆ ಒಡೆದು ತಗೊಂಡ್ಹೋಗೋಣ."

"ತಲೆ ಕೆಟ್ಟಿದೆಯಾ ನಿಂಗೆ?" ಎನ್ನುತ್ತ ಗಾರೆಯವನು ತಾನೇ ತಿರುಪು ಬಿಚ್ಚಿ ಬಾಗಿಲನ್ನು ನೆಲದ ಮೇಲೆ ಮಲಗಿಸಿದ.

ಯಾರ ಕಣ್ಣಿಗೂ ಬೀಳದ ಅದರ ಮೇಲಂಚು ಹೊಸ ಮರದ ಹಾಗೆ ಬೆಳ್ಳಗೆ ಹೊಳೆಯಿತು. ಅಲ್ಲಿ ಪೆನ್ಸಿಲಿನಲ್ಲಿ, ಮೇಷ್ಟ್ರ ದುಂಡು ಅಕ್ಷರದಲ್ಲಿ, ಹನ್ನೊಂದು ವರ್ಷದ ಹಿಂದಿನ ತಾರೀಖು. ಕೆಳಗೆ: 'ಮುಂದೆ ರಿಪೇರಿ ಮಾಡುವವರಿಗೆ: ಈ ಬಾಗಿಲು ಹೊಸದು. ಅಮ್ಮನಿಗೆ ಹೇಳಬೇಡಿ.'

* * *

"ಮನೇಲಿ ಏನು ಬೇಕಾದ್ರೂ ಬದಲಾಯಿಸಿ. ಈ ಬಾಗಿಲು ಹೋದ ದಿನ ಮನೇನೇ ಮಾರಿಬಿಡ್ತೀನಿ," ಎಂದು ಮನೆಯೊಡತಿ ಕೆಲಸದ ಮೊದಲ ದಿನವೇ ಮೇಷ್ಟ್ರಿಗೆ ಹೇಳಿದ್ದಳು.

ಬಾಗಿಲಿನ ಅಂಚಿನಲ್ಲಿ ಒಂದು ಕಚ್ಚು ಇತ್ತು. ಒಂಬತ್ತನೇ ವಯಸ್ಸಿಗೆ ಜ್ವರದಲ್ಲಿ ತೀರಿಕೊಂಡ ಆಕೆಯ ಅಣ್ಣ, ಸಾಯುವ ಹಿಂದಿನ ವಾರವಷ್ಟೇ ಚಾಕುವಿನಿಂದ ಕೆತ್ತಿದ್ದು. ಅವನದೊಂದು ಫೋಟೋ ಕೂಡ ಇರಲಿಲ್ಲ. ಹೋಗುವಾಗ ಬರುವಾಗ ಆಕೆಯ ಹೆಬ್ಬೆರಳು ಆ ಕಚ್ಚನ್ನು ಸವರದೆ ಮುಂದೆ ಹೋಗುತ್ತಿರಲಿಲ್ಲ.

ಬರೀ ಎಣ್ಣೆ ಹಚ್ಚಿ ಕೊಡುತ್ತೇನೆಂದು ಮೇಷ್ಟ್ರು ಬಾಗಿಲನ್ನು ಎರಡು ತಿಂಗಳು ಇಟ್ಟುಕೊಂಡರು. ಮರಳಿ ಕೂರಿಸಿದ ದಿನ ಆಕೆ ಹುಬ್ಬು ಗಂಟಿಕ್ಕಿದಳು.

"ಕಚ್ಚು ಒಂದು ಬೆರಳು ಮೇಲೆ ಹೋದಂಗಿದೆಯಲ್ಲ?"

"ಬಾಗಿಲು ಬೆಳೆಯುತ್ತಾ ಅಮ್ಮಾ? ವಯಸ್ಸಾದ್ಮೇಲೆ ಮನುಷ್ಯರೇ ಕುಗ್ಗೋದು."

ಆಕೆ ನಕ್ಕುಬಿಟ್ಟಳು. ತಾನು ಒಂದು ಬೆರಳು ಕುಗ್ಗಿದ ಕತೆಯನ್ನು ಬಂದವರಿಗೆಲ್ಲ ಹೇಳಿ ನಗಿಸಿದಳು.

* * *

"ಹಳೇದೆಲ್ಲಿ?" ಎಂದಳು ಈಗ, ಆ ಬರಹ ಓದಿದ ಮನೆಯೊಡತಿ.

"ಬಿಚ್ಚಿದಾಗ ಕೈಯಲ್ಲೇ ಉದುರಿಹೋಯ್ತಮ್ಮಾ," ಎಂದಳು ಮಗಳು. "ಒಳಗೆಲ್ಲ ಗೆದ್ದಲು. ಬರೀ ಬಣ್ಣ ನಿಂತಿತ್ತು."

"ಹನ್ನೊಂದು ವರ್ಷ! ನಾನು ಸವರಿದ್ದು ಇವನ ಉಳಿ ಗುರುತನ್ನ!" ಆಕೆಗೆ ಒಂದೇ ದಿನ ಇಬ್ಬರು ಹೋದ ಹಾಗಾಗಿತ್ತು. "ಸತ್ತು ಮಲಗಿದಾನೆ. ಈಗ ಯಾರನ್ನ ಬಯ್ಯಲಿ ನಾನು?"

"ಬಯ್ರಿ ಅಮ್ಮಾ. ಆ ಕಚ್ಚೊಂದಕ್ಕೇ ಆರು ಹಲಗೆ ಹಾಳು ಮಾಡಿದ್ರು. ಕೊನೇದರಲ್ಲಿ ಕಚ್ಚು ಸರಿ ಬಂತು, ಎತ್ತರ ತಪ್ತು. ಮೊನ್ನೆ ಕೂಡ ಅದನ್ನೇ ಹೇಳ್ಕೊಂಡು ಕೊರಗ್ತಿದ್ರು."

ಆಕೆ ದಾರಿಬಿಟ್ಟು ಪಕ್ಕಕ್ಕೆ ಸರಿದಳು. ಗಾರೆಯವನು ಮತ್ತೆ ಹೆಗಲು ಕೊಟ್ಟ. ಚಟ್ಟ ಸಲೀಸಾಗಿ ತಿರುಗಿ ಹೊರಗೆ ಹೋಯಿತು.

ಹಿಂದೆಯೇ ಮನೆಯೊಡತಿ ಹೊರಟಳು. ಬೋಳು ಚೌಕಟ್ಟು ದಾಟುವಾಗ ಆಕೆಯ ಕೈ ತಾನಾಗಿ ಎದ್ದಿತು. ಬಾಗಿಲಿಲ್ಲದ ಗಾಳಿಯಲ್ಲಿ ಹೆಬ್ಬೆರಳು ಕಚ್ಚನ್ನು ಹುಡುಕಿತು, ಅಣ್ಣ ಕೆತ್ತಿದ್ದಕ್ಕಿಂತ ಒಂದು ಬೆರಳು ಮೇಲೆ.