ಡಿಪೋ ಹಿತ್ತಲಿನ ಅಸಲಿ

ಬಸ್ ಡಿಪೋದ ಹಿಂದಿನ ಖಾಲಿ ಜಾಗವನ್ನು ಅಂದು ಸಮ ಮಾಡುವುದಿತ್ತು. ರೋಲರ್ ಬಂದು ನಿಂತಿತ್ತು. ಚಾಲಕ ಅದರ ನೆರಳಲ್ಲಿ ಬುತ್ತಿ ಬಿಚ್ಚಿದ್ದ. ಬುತ್ತಿ ಖಾಲಿಯಾಗುವುದರೊಳಗೆ ಅತ್ತಿಗೆ, ಮೈದುನನ ಜೊತೆ ಸೇರಿ, ತನ್ನ ಗಿಡಗಳನ್ನು ಅಗೆದು ಎತ್ತಿಕೊಳ್ಳಬೇಕಿತ್ತು.

ಅವಳು ಕಾಡುಹೂವಿನ ಸಸಿ ಬೆಳೆಸುವವಳು. ಒಂದು ಜಾತಿಯ ಹಳದಿ ಹೂವಿನ ಗಿಡ ಅವಳಿಗೆ ತಿಳಿದಂತೆ ಉಳಿದಿದ್ದು ಇಲ್ಲಿ ಮಾತ್ರ. ಆದರೆ ಅದರ ದಾಯಾದಿ ಗಿಡವೂ ಇದೇ ಮಣ್ಣಿನದು, ಇಲ್ಲೇ ಮೈಚೆಲ್ಲಿ ಬೆಳೆದಿತ್ತು. ಹೂ ಬಿಟ್ಟರೆ ಗುರುತು ಸಿಗುತ್ತದೆ. ಈಗ ಎರಡಕ್ಕೂ ಬರೀ ಎಲೆ. ಮನೆಯಲ್ಲಿ ಅಪರೂಪದ್ದಕ್ಕೆ ಅಸಲಿ, ದಾಯಾದಿಗೆ ನಕಲಿ ಅನ್ನುತ್ತಿದ್ದರು. ಕಂಡವರ ದನಿಯನ್ನೆಲ್ಲ ಅಣಕಿಸುವ ಮೈದುನನಿಗೂ ಎರಡನೆಯ ಹೆಸರೇ ಅಂಟಿತ್ತು.

"ಅಸಲೀದು ಮೇಲಿನ ಎಲೆ ತೊಟ್ಟಿಲ್ಲದೆ ಕಾಂಡಾನ ತಬ್ಕೊಂಡಿರುತ್ತೆ," ಅಂದಳು ಅತ್ತಿಗೆ.

"ಮದುವೆ ಆದ ಹೊಸದ್ರಲ್ಲಿ ಅಣ್ಣ ಇದ್ದ ಹಾಗಾ?"

"ಈಗ ಅವ್ರಿಗೂ ತೊಟ್ಟು ಬಂದಿದೆ, ಮಾರುದ್ದ. ಬಾಯ್ ಮುಚ್ಚಿ ಗುದ್ದಲಿ ಹಿಡಿ."

ಆದರೆ ಹುಲ್ಲು ಕತ್ತರಿಸುವ ಯಂತ್ರ ಓಡಿಸಿ ಮೇಲಿನ ಎಲೆಗಳನ್ನೆಲ್ಲ ಬೋಳಿಸಿದ್ದರು. ಬುಡದ ಎಲೆಗಳಲ್ಲಿ ಎರಡೂ ಅವಳಿಜವಳಿ. ಉಳಿದ ಗುರುತೆಂದರೆ ಎಲೆಯ ಬೆನ್ನಿನ ರೋಮ: ತುದಿಯಿಂದ ಬುಡಕ್ಕೆ ಸವರಿದರೆ ಅಸಲಿ ತಡೆಯುತ್ತದೆ, ನಕಲಿ ಎತ್ತ ಸವರಿದರೂ ಮೆತ್ತಗೆ. ಅವಳ ಜಡ್ಡುಗಟ್ಟಿದ ಬೆರಳಿಗೆ ಅದು ತಿಳಿಯದು. ಡೀಸೆಲ್ ಮಸಿಯನ್ನು ಬಾಟಲಿ ನೀರಲ್ಲಿ ತೊಳೆದು, ಎಲೆಯನ್ನು ಮೇಲ್ದುಟಿಗೆ ಸವರಿಕೊಳ್ಳತೊಡಗಿದಳು. ಮೆಕ್ಯಾನಿಕ್ಕುಗಳು ಸ್ಪ್ಯಾನರ್ ಕೆಳಗಿಟ್ಟು ನೋಡಿದರು.

"ನೀನೂ ನೋಡೋ."

"ಮೀಸೆ ಅಡ್ಡ ಬರುತ್ತೆ ಅತ್ತಿಗೆ. ನನಗೆ ಎಲ್ಲಾನೂ ಅಸಲಿನೇ."

ನೆಲ ಜಲ್ಲಿ, ಬೇರು ಮೊಳದುದ್ದ; ಒಂದೊಂದನ್ನು ಅಗೆಯಲೂ ಹೊತ್ತು ಬೇಕು. ತಪ್ಪು ಗಿಡವೊಂದನ್ನು ಅಗೆದರೆ ಸರಿಯಾದ ಗಿಡವೊಂದು ಹೋದಂತೆ. ಎರಡು ಗಿಡ ಸಸಿತಟ್ಟೆಗೆ ಬರುವಷ್ಟರಲ್ಲಿ ಚಾಲಕ ಕೈತೊಳೆದ. ಮೈದುನ ಗುದ್ದಲಿ ಬಿಟ್ಟು ಆಫೀಸಿನ ಕಡೆ ಜಾರಿದ.

ಸ್ವಲ್ಪ ಹೊತ್ತಿಗೆ ಡಿಪೋ ಮೈಕಿನಲ್ಲಿ ಮ್ಯಾನೇಜರರ ಮೂಗಿನ ದನಿ: "ಏನಪ್ಪಾ ಅಂದ್ರೆ, ರೋಲರ್ ಚಾಲಕರು ನಾನು ಹೇಳೋ ತನಕ ಅಲ್ಲಾಡಬಾರದು. ಏನಪ್ಪಾ ಅಂದ್ರೆ, ಹೇಳೋದು ತಡ ಆಗುತ್ತೆ."

ಚಾಲಕ ಟವೆಲ್ ಹಾಸಿ ಮಲಗಿದ. ಟೀ ಕುಡಿಯುತ್ತಿದ್ದ ಮ್ಯಾನೇಜರು ತಮ್ಮ ದನಿ ತಾವೇ ಕೇಳಿ ಓಡಿಬಂದರು. ಮೈದುನನ ಕುತ್ತಿಗೆಪಟ್ಟಿ ಹಿಡಿದು ಹಿತ್ತಲಿಗೆ ತಂದರು. ಮೆಕ್ಯಾನಿಕ್ಕುಗಳು ನಕ್ಕರು. ಚಾಲಕ ಮಾತ್ರ ನಗದೆ, ಇಲ್ಲಿನ ಮಾತು ಕಿವಿಗೆ ಬೀಳದಷ್ಟು ದೂರ, ರೋಲರಿನ ಆಚೆಗೆ ಹೋದ.

"ಸರ್, ಬೈಯೋದು ಆಮೇಲೆ," ಅಂದಳು ಅತ್ತಿಗೆ. "ನಿಮಗೆ ಮೀಸೆ ಇಲ್ಲ. ಇದೊಂದು ಎಲೆ ತುಟಿಗೆ ಸವರಿ ನೋಡಿ. ನನ್ನ ತುಟಿ ಮರಗಟ್ಟಿದೆ."

ಅವರು ಅತ್ತಿತ್ತ ನೋಡಿ, ಸವರಿದರು. "ಏನಪ್ಪಾ ಅಂದ್ರೆ... ತಡೀತಿದೆ." ಕೇಳದೆಯೇ ಇನ್ನೊಂದು ಎಲೆ ಕಿತ್ತುಕೊಂಡರು. ಅದೂ ತಡೆಯಿತು. "ಸಂಜೆ ತನಕ ಅಗೆದ್ಕೊಳ್ಳಮ್ಮ. ಮೈಕಲ್ಲಿ ಹೇಳಿಬಿಡ್ತೀನಿ. ನೀನು ಬಾರಯ್ಯ, ಬಂದು ಕ್ಷಮೆ ಕೇಳು," ಎಂದು ಮೈದುನನನ್ನು ಎಳೆದುಕೊಂಡು ಹೋದರು.

ಮೈಕು ಮತ್ತೆ ಗೊರಗೊರ ಅಂದಿತು: "ಏನಪ್ಪಾ ಅಂದ್ರೆ, ರೋಲರ್ ಸಂಜೆ ತನಕ ನಿಲ್ಲಬೇಕು."

ಚಾಲಕ ಸೀಟು ಹತ್ತಿದ. "ಒಂದ್ಸಲ ಟೋಪಿ ಹಾಕಿಸ್ಕೊಂಡಿದ್ದು ಸಾಕು."

"ಈಗಿಂದು ನಿಜವಾಗ್ಲೂ ಅವ್ರೇ," ಅಂದಳು ಅತ್ತಿಗೆ.

"ಹೇಗೆ ಹೇಳ್ತೀರಕ್ಕಾ?"

ಆಗಿನ ದನಿಗೂ ಈಗಿನದಕ್ಕೂ ಕೂದಲೆಳೆಯ ಫರಕೂ ಇರಲಿಲ್ಲ. ಎಂಜಿನ್ ಎದ್ದಿತು. ಮ್ಯಾನೇಜರು ತುಟಿಗೆ ಸವರಿದ ಆ ಎರಡು ಗಿಡಗಳು ಗೋಡೆಯ ಪಕ್ಕ ಇದ್ದವು. ಗಾಲಿ ಅಲ್ಲಿಂದಲೇ ಶುರುಮಾಡಿತು. ಅವಳು ಮಂಡಿಯಲ್ಲೇ ಹಿಂದಕ್ಕೆ ಸರಿಯುತ್ತ ಕೈಗೆ ಸಿಕ್ಕ ಎಲೆ ಸವರಿದಳು. ಮೆತ್ತಗೆ. ಇನ್ನೊಂದು. ಅದೂ ಮೆತ್ತಗೆ.

ಮೈದುನ ಓಡಿಬಂದು ಗಾಲಿಯ ಮುಂದೆ ಕೈಚಾಚಿ ನಿಂತ. "ನಿಲ್ಸಣ್ಣ. ಅದು ನಾನಲ್ಲ, ಅವ್ರೇ."

"ಇದು ಯಾರ ದನಿ ಈಗ?"

"ನಂದೇ," ಅಂದ ಮೈದುನ. ಎಂಜಿನ್ ಸದ್ದಿನಲ್ಲಿ ಆ ದನಿ ಯಾರದೂ ಅಲ್ಲದಂತೆ ಕೇಳಿಸಿತು. ಹಿಂದೆಯೇ ಏದುಸಿರು ಬಿಡುತ್ತ ಬಂದ ಮ್ಯಾನೇಜರರ ಮುಖ ಕಂಡ ಮೇಲೆಯೇ ಚಾಲಕ ಬ್ರೇಕು ಒತ್ತಿದ್ದು. ಗೋಡೆಯ ಪಕ್ಕ ನೆಲ ಚಪ್ಪಟೆಯಾಗಿ ಹೊಳೆಯುತ್ತಿತ್ತು.

ಅತ್ತಿಗೆ ಆ ಕಡೆ ತಿರುಗಲಿಲ್ಲ. ಗಾಲಿಯ ಅಂಚಿಗೇ ಉಳಿದಿದ್ದ ಗಿಡದ ಎಲೆ ತೊಳೆದು, ಕಣ್ಣುಮುಚ್ಚಿ, ತುಟಿಗೆ ತಂದಳು. ಮೈದುನ ಗುದ್ದಲಿ ಎತ್ತಿಕೊಂಡ. ಅವಳು ಇನ್ನೊಮ್ಮೆ ಸವರಿದಳು, ಮತ್ತೂ ಒಮ್ಮೆ.

"ಇದು ಹೌದು," ಅಂದಳು. "ಬೇಗ ಅಗೆ."