ಹೊಸಕೋಟೆಗೆ ಕೊಟ್ಟ ಮಗಳು

ಭಾನುವಾರ ಬೆಳಿಗ್ಗೆ ಏಳಕ್ಕೆ ಹಲಸೂರಿನ ಸೋಮೇಶ್ವರನ ಗುಡಿ ಮುಂದಿನಿಂದ ಹೊರಟರೆ, ಮಾರ್ಕೆಟ್ಟು, ಹೂವಿನವರ ಬೀದಿ ಸುತ್ತಿಕೊಂಡು ಒಂಬತ್ತರ ಹೊತ್ತಿಗೆ ದರ್ಗಾ ತಲುಪುತ್ತಿದ್ದೆವು. ಇಂದಿರಾನಗರದ ಯಾವುದೋ ಕ್ಲಬ್ಬಿನವರು ಹಳೇ ಊರು ತೋರಿಸುವ ನಡಿಗೆಗೆ ನನ್ನನ್ನು ಗೈಡ್ ಆಗಿ ಇಟ್ಟುಕೊಂಡಿದ್ದರು. ವಿಮಾನದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದ ಸಂಜೀವಪ್ಪನಿಗೆ ಈ ವಯಸ್ಸಿನಲ್ಲಿ ಇದೇನು ಬಂತೋ ಎಂದು ನೆರೆಯವರು ನಕ್ಕರು. ನಗಲಿ. ನಾನು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ನನ್ನ ಬಾಯಿಯೂ ಸುಮ್ಮನಿರುವ ಬಾಯಲ್ಲ. ಎರಡು ಮೈಲಿ ನಡೆಯುವುದಕ್ಕೆ ಹೊಸ ಬೂಟು, ಟೋಪಿ, ನೀರಿನ ಬಾಟಲಿ ಎಲ್ಲ ಹೊತ್ತು ಬರುವ ಆ ಜನರನ್ನು ಒಂದಿಷ್ಟು ಕಾಲೆಳೆಯುತ್ತಾ ಕರೆದೊಯ್ಯುವುದು ನನಗೆ ಖುಷಿಯೇ ಆಗಿತ್ತು.

ದರ್ಗಾ ಚಿಕ್ಕದು. ಒಳಗೆ ಬಾಬಾನ ಗೋರಿ, ಅಂಗಳದ ಬೇವಿನ ಬುಡದಲ್ಲಿ ಮುನೇಶ್ವರನ ಕಲ್ಲು. ಎರಡರ ದೀಪಕ್ಕೂ ಒಂದೇ ಡಬ್ಬದ ಎಣ್ಣೆ. ನೋಡಿಕೊಳ್ಳುವ ಪರ್ವೀನ್ ಗೋರಿಗೆ ಹೂವು ಹೊದಿಸಿ, ಮಿಕ್ಕ ಒಂದು ಮೊಳವನ್ನು ಕಲ್ಲಿಗೆ ಇಡುತ್ತಾಳೆ. ಗೋರಿಯ ಪಕ್ಕದ ಕಿಟಕಿಯ ಕಬ್ಬಿಣದ ಜಾಲರಿ ತುಂಬ ಹರಕೆಯ ಗಂಟುಗಳು. ಯಾರಿಗಾಗಿ ಹರಕೆಯೋ ಅವರು ತೊಟ್ಟದ್ದರ ಒಂದು ಚೂರನ್ನೇ ಕಟ್ಟಬೇಕು. ನೆನೆಸಿದ್ದು ಆದಮೇಲೆ, ಕಟ್ಟಿದ ಕೈಯೇ ಬಂದು ಬಿಚ್ಚಬೇಕು.

ಆ ಜಾಲರಿಯ ಮುಂದೆ ನಿಂತು ನಾನು ವಾರವಾರವೂ ಒಂದು ಕತೆ ಹೇಳುತ್ತಿದ್ದೆ. "ನಮ್ಮ ವಿಮಾನಪುರದ್ದೇ ಒಂದು ಹುಡುಗಿ. ಹದಿನಾರು ವರ್ಷ. ಎರಡು ಕಿಡ್ನೀನೂ ಹೋಗಿತ್ತು. ಡಾಕ್ಟ್ರು ಕೈಚೆಲ್ಲಿದ್ರು. ಅವರಮ್ಮ ಮಗಳ ಜಡೆ ರಿಬ್ಬನ್ ತಂದು ಇಲ್ಲಿ ಕಟ್ಟಿದ್ಳು. ಹುಷಾರಾಗ್ಬಿಟ್ಳು ನೋಡಿ! ಪಿಯುಸಿ ಪಾಸ್ ಮಾಡಿದ್ಳು. ಈಗ ಹೊಸಕೋಟೆಗೆ ಕೊಟ್ಟಿದ್ದಾರೆ."

ಆ ಹುಡುಗಿ ನನ್ನ ಮಗಳು ರಮ್ಯಶ್ರೀ. ರಿಬ್ಬನ್ ಕಟ್ಟಿದ ಹನ್ನೊಂದನೆಯ ದಿನ ತೀರಿಕೊಂಡಳು. ಅದಾಗಿ ಐದು ವರ್ಷ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಮೊದಲ ಸಲ ಯಾರೋ ಹೆಂಗಸು ಆ ನೀಲಿ ರಿಬ್ಬನ್ ಮುಟ್ಟಿ, "ಇದು ಯಾರದ್ದು?" ಎಂದಳು. ಹೇಳುತ್ತಾ ಹೋದೆ. "ಆಮೇಲೆ?" ಎಂದಾಗ ಸತ್ತಳು ಎನ್ನಲು ನಾಲಿಗೆ ಏಳಲಿಲ್ಲ. ಹುಷಾರಾದಳು ಎಂದೆ. ಮುಂದಿನ ವಾರ ಕಾಲೇಜಿಗೆ ಸೇರಿಸಿದೆ. ಅದರ ಮುಂದಿನ ವರ್ಷ ಮದುವೆ ಮಾಡಿದೆ. ಮನೆಯಲ್ಲಿ ನಾನೂ ನನ್ನ ಹೆಂಡತಿ ಅಂಜಿನಮ್ಮನೂ ಅವಳ ಹೆಸರೆತ್ತುತ್ತಿರಲಿಲ್ಲ. ಅಂಜಿನಮ್ಮ ದರ್ಗಾದ ಬೀದಿಗೇ ಕಾಲಿಡುತ್ತಿರಲಿಲ್ಲ. ನನಗಾದರೆ ಭಾನುವಾರ ಹತ್ತು ನಿಮಿಷ ಮಗಳು ಬದುಕಿರುತ್ತಿದ್ದಳು. ಅಷ್ಟಕ್ಕಾಗಿ ವಾರವಿಡೀ ಕಾಯುತ್ತಿದ್ದೆ.

ಕಳೆದ ತಿಂಗಳು ಪರ್ವೀನ್ ನನ್ನನ್ನು ಪಕ್ಕಕ್ಕೆ ಕರೆದಳು.

"ಅಣ್ಣಾ, ಜಾಲರಿ ತುಕ್ಕು ಹಿಡಿದಿದೆ, ಬದಲಾಯಿಸ್ತಾರೆ. ಕಟ್ಟಿದವರು ಬಂದು ಬಿಚ್ಕೊಂಡು ಹೋಗ್ಬೇಕು. ಇಲ್ದಿದ್ರೆ ಕತ್ತರಿ ಹಾಕ್ತಾರೆ. ಅಕ್ಕನ್ನ ಕರ್ಕೊಂಡ್ ಬನ್ನಿ."

"ಆಯ್ತಮ್ಮ, ಹೇಳ್ತೀನಿ," ಎಂದೆ. ಹೇಳಲಿಲ್ಲ. ಮೂರು ಭಾನುವಾರ ದಾಟಿಸಿದೆ. ಗಂಟು ಬಿಚ್ಚಿದರೆ ನನ್ನ ಹತ್ತು ನಿಮಿಷವೂ ಹೋಗುತ್ತದೆ ಎಂಬ ಭಯ. ಸ್ವಾರ್ಥವೇ, ಇನ್ನೇನು.

ನಾಲ್ಕನೆಯ ಭಾನುವಾರ ಎಂದಿನಂತೆ ಕತೆ ಹೇಳಿದೆ. ಅವತ್ತು ಬಾಯಿ ಇನ್ನೂ ಚೆನ್ನಾಗಿಯೇ ಓಡಿತು. ಮದುವೆಯ ಊಟದಲ್ಲಿ ಹೋಳಿಗೆ ಸಾಲದೆ ಬಂದ ಫಜೀತಿಯನ್ನೂ ಸೇರಿಸಿದೆ. ಎಲ್ಲರೂ ನಕ್ಕರು. ಕನ್ನಡಕದ ಹುಡುಗಿಯೊಬ್ಬಳು ಕೇಳಿದಳು:

"ಈಗ ಹೇಗಿದ್ದಾಳೆ ಅಂಕಲ್?"

ಉತ್ತರ ಬಂದದ್ದು ಗುಂಪಿನ ಹಿಂದಿನಿಂದ. "ಚೆನ್ನಾಗಿದ್ದಾಳಮ್ಮ."

ಅಂಜಿನಮ್ಮ ಬೇವಿನ ಮರಕ್ಕೆ ಒರಗಿ ನಿಂತಿದ್ದಳು. ನಾನು ಹೇಳುವುದಿಲ್ಲವೆಂದು ಗೊತ್ತಾಗಿ ಪರ್ವೀನಳೇ ಮನೆಗೆ ಫೋನ್ ಮಾಡಿದ್ದಳಂತೆ. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ. ಎಲ್ಲರೆದುರು ಉಗಿಯುತ್ತಾಳೆ ಎಂದುಕೊಂಡೆ. ಉಗಿದಿದ್ದರೇ ಚೆನ್ನಾಗಿತ್ತು.

ಅವಳು ನನ್ನನ್ನು ನೋಡದೆ ಜಾಲರಿಯ ಹತ್ತಿರ ಹೋದಳು. ಐದು ಮಳೆಗಾಲಕ್ಕೆ ಬಿಗಿದುಹೋದ ನೀಲಿ ರಿಬ್ಬನ್ನಿನ ಗಂಟು, ಉಗುರಿಗೆ ಬಗ್ಗಲಿಲ್ಲ. ಬಾಗಿ ಹಲ್ಲಿನಲ್ಲಿ ಕಚ್ಚಿ ಸಡಿಲಿಸಿದಳು. ಬಿಚ್ಚಿತು. ಬಿಚ್ಚಿದರೆ ಹರಕೆ ಫಲಿಸಿತು ಎಂದು ಆ ಜನರಿಗೆ ಪಾಠ ಹೇಳಿಕೊಟ್ಟವನು ನಾನೇ ತಾನೆ? ಕನ್ನಡಕದ ಹುಡುಗಿ ಚಪ್ಪಾಳೆ ಹೊಡೆದಳು. ಅವಳನ್ನು ನೋಡಿ ಎಲ್ಲರೂ ಹೊಡೆದರು.

"ಆಂಟೀ, ನೀವು ಅಂದ್ಕೊಂಡಿದ್ದು ಆಯ್ತಾ?"

"ಹೂಂ ಕಣಮ್ಮ," ಎಂದಳು ಅಂಜಿನಮ್ಮ. ನಕ್ಕಳು ಕೂಡ.

ಗೋರಿಯ ಬಾಗಿಲಲ್ಲಿ ನಿಂತಿದ್ದ ಪರ್ವೀನ್ ಮುಖ ತಿರುಗಿಸಿಕೊಂಡಳು. ಚಪ್ಪಾಳೆ ನಿಲ್ಲಿಸಿ ಎಂದು ನಾನು ಹೇಳಲಿಲ್ಲ. ಅಂಥ ಹೇಡಿ ನಾನು.

ಮನೆಗೆ ಹೋಗುವ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ಹಿಂದಿನ ಸೀಟಿನಲ್ಲಿ ಇಬ್ಬರೂ ಒಟ್ಟಿಗೆ ಕೂತೆವು. ದೊಮ್ಮಲೂರು ದಾಟುವವರೆಗೂ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ, ಪಕ್ಕದ ಮನೆಯವರ ವಿಷಯ ಕೇಳುವ ಹಾಗೆ ಮೆಲ್ಲಗೆ ಕೇಳಿದಳು.

"ಹೊಸಕೋಟೇಲಿ ಯಾರ ಮನೆಗೆ ಕೊಟ್ರಿ?"

ನಾನು ಕೈಯಲ್ಲಿದ್ದ ಟಿಕೆಟ್ಟನ್ನು ಮಡಚತೊಡಗಿದೆ.

"ಹೇಳ್ರೀ. ಅಷ್ಟೊಂದು ಜನಕ್ಕೆ ಹೇಳ್ತೀರಲ್ಲ, ನಂಗೂ ಹೇಳಿ. ಗಂಡ ಹೇಗೆ, ಒಳ್ಳೆಯವನಾ? ಮಕ್ಕಳೆಷ್ಟು?"

ಕೋಪದಿಂದ ಕೇಳುತ್ತಿದ್ದಾಳೆ ಎಂದುಕೊಂಡು ಅವಳ ಮುಖ ನೋಡಿದೆ. ಕೋಪ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಅವಳಿಗೂ ಹತ್ತು ನಿಮಿಷ ಬೇಕಾಗಿತ್ತು. ಕೊಡೋಣವೆಂದೇ ಬಾಯಿ ತೆರೆದೆ. ಊರವರಿಗೆಲ್ಲ ಅಷ್ಟು ಸಲೀಸಾಗಿ ಹೇಳುತ್ತಿದ್ದ ಮಾತು ಹೆತ್ತವಳ ಎದುರಿಗೆ ಬರಲಿಲ್ಲ.

"ಇಲ್ಲ ಕಣೇ," ಎಂದೆ. "ಯಾರ ಮನೇಗೂ ಕೊಡಲಿಲ್ಲ. ನಮ್ಮ ರಮ್ಯ ಸತ್ತೋದ್ಳು."

ಐದು ವರ್ಷದಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಂಜಿನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೂ ಅಳು ತಡೆಯಲಾಗಲಿಲ್ಲ. ಮಗಳು ಹೋದ ದಿನ ಅವಳು ಒಳಗೆ, ನಾನು ಹೊರಗೆ, ಬೇರೆ ಬೇರೆ ಅತ್ತಿದ್ದೆವು. ಮುರುಗೇಶಪಾಳ್ಯದಲ್ಲಿ ಹತ್ತಿದವರು ನಮ್ಮನ್ನು ನೋಡಿ, ಖಾಲಿ ಸೀಟುಗಳಿದ್ದರೂ ಮುಂದೆಯೇ ನಿಂತುಕೊಂಡರು.